ಅಪ್ಪನ ಕೋಣೆಯ ಗಿಡ

ಎರಡು ವರ್ಷದ ಹಿಂದೆ ಫೆಲೋಶಿಪ್ ಹಣ ಬಂದಾಗ ಹುಮನಾಬಾದಿನಿಂದ ಮೂರು ಸ್ನೇಕ್ ಪ್ಲಾಂಟ್ ಕೊಂಡು ನಿರ್ಣಾಕ್ಕೆ ಒಯ್ದೆ. ಅಪ್ಪನಿಗೆ ದಮ್ಮು. ಈ ಗಿಡ ಕೋಣೆಯ ಗಾಳಿ ಶುದ್ಧ ಮಾಡುತ್ತದೆಂದು ಎಲ್ಲೋ ಓದಿ ನಂಬಿದ್ದೆ.

ಆ ನಂಬಿಕೆಗೆ ಬಲ ಕೊಟ್ಟದ್ದು 1989ರ ನಾಸಾ ಪ್ರಯೋಗ. ಅದು ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. 2019ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಇಂಥ ಹಲವು ಪ್ರಯೋಗಗಳನ್ನು ಮತ್ತೆ ಲೆಕ್ಕಹಾಕಿದರು. ಕಟ್ಟಡದೊಳಗೆ ಸಹಜವಾಗಿ ಬಂದುಹೋಗುವ ಗಾಳಿ ಮಾಡುವಷ್ಟು ಕೆಲಸ ಗಿಡಗಳಿಂದ ಆಗಬೇಕಾದರೆ ಚದರ ಮೀಟರಿಗೆ 10ರಿಂದ 1000 ಕುಂಡ ಬೇಕಂತೆ! ಅದೂ ಬಣ್ಣ, ಅಂಟಿನಿಂದ ಏಳುವಂಥ ಆವಿಗೆ, ಹೊಗೆಗಲ್ಲ.

ಅಪ್ಪನ ಕೋಣೆಯ ಗೋಡೆಯಾಚೆಗೇ ಅವ್ವ ತೊಗರಿಕಟ್ಟಿಗೆ ಉರಿಸುತ್ತಿದ್ದಳು. ಸಿಲಿಂಡರ್ ಇತ್ತು, ಆದರೆ ರೊಟ್ಟಿಗೆ ಒಲೆಯೇ ಬೇಕು. ಅಡಿಟಿಪ್ಪಣಿ ಹುಡುಕುವುದೇ ಕೆಲಸವಾದ ನಾನು ಆ ಹೊಗೆ ಬಿಟ್ಟು ಗಿಡ ತಂದಿದ್ದೆ.

ಗಿಡಗಳಾದರೂ ಉಳಿದವೇ? ತಳಕ್ಕೆ ಕಲ್ಲು ಹಾಕಿದರೆ ನೀರು ಬಸಿಯುತ್ತದೆಂದು ನಾನೇ ಹಾಕಿ, ಮೇಲೆ ಹೊಲದ ಎರಿಮಣ್ಣು ತುಂಬಿದ್ದೆ. ಸಣ್ಣ ಕಣದ ಮಣ್ಣು ಪೂರ್ತಿ ನೆನೆಯುವವರೆಗೆ ನೀರು ಕಲ್ಲಿಗೆ ಇಳಿಯುವುದೇ ಇಲ್ಲ. ಬೇರು ಕೆಸರಲ್ಲಿ ನಿಲ್ಲುತ್ತದೆ. ಅಪ್ಪ ದಿನಾ ಒಂದು ತಂಬಿಗೆ ಹಾಕುತ್ತಿದ್ದ. ಎಲೆ ಹಳದಿಯಾದಾಗ ನೀರು ಸಾಲಲಿಲ್ಲವೆಂದು ಎರಡು. ಎರಡು ಗಿಡ ಕೊಳೆತವು.

ಈ ಯುಗಾದಿಗೆ ಒಲೆ ಅಂಗಳಕ್ಕೆ ಹೋಯಿತು. ಅವ್ವ ನಾಲ್ಕು ದಿನ ನನ್ನೊಡನೆ ಮಾತಾಡಲಿಲ್ಲ. ಉಳಿದ ಗಿಡವನ್ನು ಮರಳು ಬೆರೆಸಿದ ಕೆಂಪುಮಣ್ಣಿಗೆ ಬದಲಿಸಿ, ಬೆರಳಿಟ್ಟು ನೋಡಿ ಒಣಗಿದ್ದರಷ್ಟೇ ನೀರು ಎಂದು ಅಪ್ಪನಿಗೆ ಹೇಳಿದೆ.

"ಗಾಳಿ ಸ್ವಚ್ಛ ಮಾಡಲ್ಲ ಅಂದ್ರ ಇದು ಯಾಕ ಇರಬೇಕು, ತಮ್ಮಾ?"

ನನಗೆ ಉತ್ತರ ಹೊಳೆಯುವ ಮೊದಲೇ ಅವನ ಬೆರಳು ಮಣ್ಣಿನಲ್ಲಿತ್ತು. "ಇನ್ನಾ ಹಸಿ ಅದ" ಎಂದು ತಂಬಿಗೆ ಪಕ್ಕಕ್ಕಿಟ್ಟ.