ಒಂದೇ ತಂಡ, ಇಬ್ಬರು ಓಟಗಾರರು

ಸಹೋದರಿಯರೇ, ಕಾರ್ ರೇಸಿಗೂ ಅಡುಗೆಮನೆಗೂ ಏನು ಸಂಬಂಧ ಎಂದು ನಗಬೇಡಿ. ನಮ್ಮ ಎಕಂಬಾದಂಥ ಊರಲ್ಲೂ ಈಗ ಹುಡುಗರು ಮೊಬೈಲಿನಲ್ಲಿ ಫಾರ್ಮುಲಾ ಒನ್ ನೋಡುತ್ತಾರೆ. ಮಗನ ಪಕ್ಕ ಕೂತು ತೊಗರಿಬೇಳೆ ಹಸನು ಮಾಡುತ್ತ ನಾನೂ ನೋಡಿದೆ, ಕೇಳಿ ತಿಳಿದುಕೊಂಡೆ. ತಿಳಿದಷ್ಟೂ ಇದು ನೆಗೆಣ್ಣಿಯರ ಕಥೆಯೇ ಅನ್ನಿಸಿತು. ನಮ್ಮ ಕಡೆ ವಾರಗಿತ್ತಿಗೆ ನೆಗೆಣ್ಣಿ ಅನ್ನುತ್ತೇವೆ.

ಆ ಪಂದ್ಯದಲ್ಲಿ ತಂಡಕ್ಕೆ ಎರಡು ಕಾರು, ಇಬ್ಬರು ಚಾಲಕರು. ಹೆಚ್ಚು ಅಂಕ ಗಳಿಸಿದ ಚಾಲಕನಿಗೆ ಒಂದು ಪಟ್ಟ. ಇಬ್ಬರ ಅಂಕ ಕೂಡಿಸಿ ತಂಡಕ್ಕೆ ಇನ್ನೊಂದು. ಬೇರೆ ತಂಡದವನು ಗೆದ್ದರೆ ‘ಅವನ ಕಾರು ಚಲೋ ಇತ್ತು’ ಅನ್ನಬಹುದು. ಜೊತೆಗಾರ ಗೆದ್ದರೆ ಆ ನೆಪವಿಲ್ಲ, ಇಬ್ಬರದೂ ಒಂದೇ ಬಗೆಯ ಕಾರು. ಅದಕ್ಕೇ ಮೊದಲ ಹಟ ಜೊತೆಗಾರನ ಮೇಲೆಯೇ. ಒಲೆ ಒಂದೇ, ಹಿಟ್ಟು ಒಂದೇ ಇರುವಾಗ ಬಂದವರು ‘ಸಣ್ಣ ಸೊಸಿ ರೊಟ್ಟಿ ಎಷ್ಟು ತೆಳ್ಳಗ!’ ಅಂದರೆ ದೊಡ್ಡಾಕಿಗೆ ಹೇಗಾಗುತ್ತದೆ, ನೀವೇ ಹೇಳಿ.

ನಮ್ಮ ಕರ್ನಾಟಕದ ಉದ್ಯಮಿ ವಿಜಯ್ ಮಲ್ಯ ಅವರ ಪಾಲಿದ್ದ ಫೋರ್ಸ್ ಇಂಡಿಯಾ ತಂಡದಲ್ಲಿ 2017ರಲ್ಲಿ ಇದೇ ಆಯಿತು. ಮೆಕ್ಸಿಕೋದ ಸೆರ್ಜಿಯೋ ಪೆರೆಜ್ ಹಳಬ. ಫ್ರಾನ್ಸಿನ ಎಸ್ತೆಬಾನ್ ಓಕಾನ್ ಆ ವರ್ಷ ಬಂದ ಹೊಸಬ. ಕೆನಡಾದ ಪಂದ್ಯದಲ್ಲಿ ಮುಂದಿನವನನ್ನು ಹಿಡಿಯಲು ದಾರಿ ಬಿಡಲಿ ಎಂದು ಓಕಾನ್ ಬಯಸಿದ, ಪೆರೆಜ್ ಬಿಡಲಿಲ್ಲ. ಇಬ್ಬರೂ ಐದು, ಆರನೆಯವರಾಗಿ ಉಳಿದರು. ಅದೇ ಜೂನ್ ತಿಂಗಳು ಬಾಕುವಿನಲ್ಲಿ ಕಾರಿಗೆ ಕಾರು ತಾಗಿತು. ಆಗಸ್ಟಿನಲ್ಲಿ ಬೆಲ್ಜಿಯಂನ ಒಂದೇ ಪಂದ್ಯದಲ್ಲಿ ಎರಡು ಸಲ! ಆಮೇಲೆ ತಂಡದ ಹಿರಿಯರು ‘ಇನ್ನು ಮನಸ್ಸಿಗೆ ಬಂದಂತೆ ಸೆಣಸುವಂತಿಲ್ಲ’ ಎಂದು ಕಟ್ಟುಪಾಡು ಹಾಕಿದರು. ವರ್ಷದ ಕೊನೆಗೆ ಪೆರೆಜ್ 100, ಓಕಾನ್ 87, ಕೂಡಿ 187 ಅಂಕ. ತಂಡಕ್ಕೆ ನಾಲ್ಕನೆಯ ಸ್ಥಾನ.

ಹಾಗಂತ ಹಿರಿಯರ ಅಪ್ಪಣೆಯೊಂದೇ ಮದ್ದಲ್ಲ. 2002ರಲ್ಲಿ ಆಸ್ಟ್ರಿಯಾದಲ್ಲಿ ಫೆರಾರಿ ತಂಡದ ಬ್ಯಾರಿಕೆಲೋ ಗೆಲ್ಲುವುದರಲ್ಲಿದ್ದ. ತಂಡದ ಮಾತಿಗೆ ಕೊನೆಯ ಗಳಿಗೆಯಲ್ಲಿ ಜೊತೆಗಾರ ಶೂಮಾಕರ್‌ಗೆ ದಾರಿ ಬಿಟ್ಟ. ಜನ ಕೂಗಿ ಛೀಮಾರಿ ಹಾಕಿದರು. ಗೆದ್ದವನಿಗೇ ಮುಜುಗರವಾಗಿ ಬ್ಯಾರಿಕೆಲೋನನ್ನು ಮೇಲಿನ ಮೆಟ್ಟಿಲಿಗೆ ನಿಲ್ಲಿಸಿದ. ದುಡಿದವನ ಹೆಸರು ಕಿತ್ತು ಇನ್ನೊಬ್ಬನಿಗೆ ಕೊಟ್ಟರೆ ಗೆಲುವೂ ರುಚಿಸದು.

ನಮ್ಮ ಮನೆಯಲ್ಲೂ ಒಂದು ಕಾಲಕ್ಕೆ ‘ಒಲಿ ಬ್ಯಾರೆ ಮಾಡೂಣು’ ಎಂಬ ಮಾತು ಬಂದಿತ್ತು. ಒಲೆ ಬೇರೆಯಾದರೆ ಹೊಲವೂ ಬೇರೆ, ಬಾವಿಯ ನೀರಿಗೂ ಪಾಳಿ. ಆಗ ಅತ್ತೆ ನಮ್ಮಿಬ್ಬರನ್ನೂ ಒಟ್ಟಿಗೆ ಕೂಡಿಸಿ ಹೇಳಿದರು: “ಒಂದು ವಾರ ಒಲಿ ನಿಂದು, ಒಂದು ವಾರ ಆಕಿದು. ಒಬ್ಬಾಕಿ ಒಲಿ ಮುಂದ ಇದ್ದಾಗ ಇನ್ನೊಬ್ಬಾಕಿ ಉಪ್ಪಿನ ಡಬ್ಬಿ ಮುಟ್ಟಬಾರದು.” ಹಬ್ಬದ ಪೂಜೆಗೆ ಮೊದಲು ನಿಲ್ಲುವವಳು ಹಿರಿಯ ಸೊಸೆಯಾದ ನಾನೇ. ಆದರೆ ಬಂದವರು ಊಟ ಹೊಗಳಿದರೆ ಅತ್ತೆ ಅಂದು ಮಾಡಿದವಳ ಹೆಸರನ್ನೇ ಹೇಳುತ್ತಿದ್ದರು. ಮಾನ ಹಿರಿತನಕ್ಕೆ, ಹೊಗಳಿಕೆ ದುಡಿದ ಕೈಗೆ. ಇವೆರಡನ್ನೂ ಬೆರೆಸದೆ ಇಟ್ಟಿದ್ದೇ ಅವರ ಜಾಣತನ.

ಪೈಪೋಟಿ ಹೋಯಿತೆ? ಇಲ್ಲ. ಹೋಗಲೂ ಬಾರದು; ಇಬ್ಬರ ರೊಟ್ಟಿಯೂ ತೆಳ್ಳಗಾದದ್ದು ಅದರಿಂದಲೇ! ಇಬ್ಬರು ಸೊಸೆಯಂದಿರಿರುವ ಅತ್ತೆಯಂದಿರೇ, ಜಗಳ ಹುಟ್ಟಿದ ಮೇಲೆ ತೀರ್ಪು ಕೊಡಬೇಡಿ. ಮೊದಲೇ ಹೇಳಿ, ಇಬ್ಬರೆದುರಿಗೂ ಹೇಳಿ, ಇಬ್ಬರಿಗೂ ಒಂದೇ ಮಾತು ಹೇಳಿ. ನಮ್ಮ ಹೊಲದ ಬದು ಇವತ್ತಿಗೂ ಒಂದೇ ಇದೆ.