ಹನಿಗೆಲ್ಲಿಯ ಬಣ್ಣ?

ರಾತ್ರಿ ಒಂಬತ್ತೂವರೆ. ಅಡುಗೆಕಟ್ಟೆ ಒರೆಸಿ ಕಿಟಕಿಗೆ ಕಂಬಳಿ ಇಳಿಬಿಟ್ಟಿದ್ದೀರಿ. ಕಪಾಟಿನ ಹಿಡಿಕೆಯಲ್ಲಿ ಮೆಡಿಕಲ್ ಶಾಪಿನಿಂದ ತಂದ ಡ್ರಿಪ್ ಸೆಟ್ಟು ನೇತಾಡುತ್ತಿದೆ. ಅದರಿಂದ 40 ಸೆಂಟಿಮೀಟರ್ ಕೆಳಗೆ, ಅಂಚಿನವರೆಗೂ ನೀರು ತುಂಬಿದ ಕಪ್ಪು ತಟ್ಟೆ. ಡ್ರಿಪ್ಪಿನ ಗಾಲಿ ಸಡಿಲಿಸುತ್ತೀರಿ. ಟಪ್. ಟಪ್.

ಹನಿ ಬೀಳುವ ಜಾಗಕ್ಕೆ ಪೆನ್ಸಿಲ್ ಅಡ್ಡ ಹಿಡಿದು, ಅದರ ಮೇಲಿನ ಅಕ್ಷರ ಚೂಪಾಗಿ ಕಾಣುವಂತೆ ಫೋಕಸ್ ಕೂರಿಸಿ, ಲೆನ್ಸನ್ನು ಮ್ಯಾನುಯಲ್‌ಗೆ ಹಾಕುತ್ತೀರಿ. ಎಫ್/11, ಶಟರ್ 1/200. ಫ್ಲ್ಯಾಶ್ ಪೂರ್ತಿ ಶಕ್ತಿಯಲ್ಲಿ, ನೇರ ನೀರಿಗೆ. ಟಪ್. ಕ್ಲಿಕ್.

ಬೂದು ನೀರು, ಕಣ್ಣು ಕುಕ್ಕುವ ಬಿಳಿ ಚುಕ್ಕೆ, ಬಾಲ ಎಳೆದುಕೊಂಡ ಹನಿ.

ಇಷ್ಟು ಎತ್ತರದಿಂದ ಬಿದ್ದ ಹನಿ ನೀರು ಮುಟ್ಟುವಾಗ ಸೆಕೆಂಡಿಗೆ 2.8 ಮೀಟರ್ ವೇಗದಲ್ಲಿರುತ್ತದೆ. ಶಟರ್ ತೆರೆದಿರುವಷ್ಟರಲ್ಲಿ 14 ಮಿಲಿಮೀಟರ್ ಜಾರಿಬಿಡುತ್ತದೆ. ಅದನ್ನು ಹಿಡಿದು ನಿಲ್ಲಿಸಬೇಕಾದದ್ದು ಶಟರ್ ಅಲ್ಲ, ಮಿಂಚು. ಫ್ಲ್ಯಾಶ್ ಶಕ್ತಿಯನ್ನು 1/64ಕ್ಕೆ ಇಳಿಸಿದಾಗ ಬೆಳಕು ಸೆಕೆಂಡಿನ ಸುಮಾರು 20,000ದಲ್ಲಿ ಒಂದು ಭಾಗ ಮಾತ್ರ ಉರಿಯುತ್ತದೆ. ಹನಿ ದುಂಡಗೆ ನಿಂತಿತು. ಆದರೆ ಬಣ್ಣ?

ಕೇಸರಿಬಾತಿನ ಬಣ್ಣ ಚಿಟಿಕೆ ಉದುರಿಸುತ್ತೀರಿ. ಕ್ಲಿಕ್. ತಟ್ಟೆ ಇನ್ನಷ್ಟು ಕಪ್ಪು. ಬಣ್ಣ ಬೆಳಕನ್ನು ನುಂಗಿತು, ಉಳಿದದ್ದನ್ನು ತಟ್ಟೆ ನುಂಗಿತು. ಹ್ಯಾರಲ್ಡ್ ಎಡ್ಗರ್ಟನ್ 1957ರಲ್ಲಿ ತೆಗೆದ ಹಾಲಿನ ಹನಿಯ ಕಿರೀಟ ನೆನಪಾಗುತ್ತದೆ: ಆ ಚಿತ್ರದಲ್ಲೂ ಕೆಂಪು ಇರುವುದು ಹಾಲಿನಲ್ಲಲ್ಲ, ಅದರ ಸುತ್ತ.

ನೀರು ಚೆಲ್ಲಿ ಹೊಸದು ತುಂಬಿ, ತಟ್ಟೆಯ ಹಿಂದೆ ಬಿಳಿ ಡ್ರಾಯಿಂಗ್ ಹಾಳೆ ನಿಲ್ಲಿಸುತ್ತೀರಿ. ಫ್ಲ್ಯಾಶ್ ಈಗ ನೀರಿನ ಕಡೆಯಲ್ಲ, ಹಾಳೆಯ ಕಡೆ. ಅದರ ಮೂತಿಗೆ ನೀಲಿ ಜಿಲೆಟಿನ್ ಪೇಪರ್. ಪೇಪರು ಬೆಳಕು ತಿನ್ನುವುದರಿಂದ ಐಎಸ್‌ಒ 800ಕ್ಕೆ ಏರಬೇಕು. ಟಪ್. ಕ್ಲಿಕ್. ನೀರಿಗೆ ನೀರೇ ನೀಲಿ! ಬಿಳಿ ಚುಕ್ಕೆ ಮಾಯ.

ಆಸೆ ಹತ್ತಿತು. ಹಾಳೆಯ ಮೇಲರ್ಧಕ್ಕೆ ಕಿತ್ತಳೆ ಕಾಗದ ಅಂಟಿಸಿ, ಕೆಳಗರ್ಧ ಬಿಳಿ ಬಿಟ್ಟು, ಫ್ಲ್ಯಾಶ್‌ನ ನೀಲಿ ಕಿತ್ತು ಒತ್ತುತ್ತೀರಿ. ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಹನಿಯೊಳಗೆ ಬಿಳಿ ಮೇಲೆ, ಕಿತ್ತಳೆ ಕೆಳಗೆ. ಪುಟ್ಟ ಮಸೂರ ಇಡೀ ಹಾಳೆಯನ್ನು ತಲೆಕೆಳಗಾಗಿಸಿ ಹೊಟ್ಟೆಯಲ್ಲಿಟ್ಟುಕೊಂಡಿದೆ.

"ಮುಗೀತಾ? ಹಾಲು ಕಾಯಿಸ್ಬೇಕು," ಹಜಾರದಿಂದ ದನಿ.

"ಇನ್ನೊಂದೇ ಹನಿ," ಎನ್ನುತ್ತ ಕಾಗದವನ್ನು ಬುಡಮೇಲು ಮಾಡಿ ಅಂಟಿಸುತ್ತೀರಿ.