ಮಕ್ಕಳೊಡನೆ ದಿಲ್ಲಿಯ ಪ್ರವಾಸ

ದೇಶ ಸುತ್ತಿ ನೋಡಬೇಕು, ಕೋಶ ಓದಿ ನೋಡಬೇಕು ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಆದರೆ ಆ ಗಾದೆಯನ್ನು ಕಟ್ಟಿದ ಪುಣ್ಯಾತ್ಮನು ಒಂದು ಕೈಯಲ್ಲಿ ನಾಲ್ಕು ವರ್ಷದ ಹುಡುಗನನ್ನೂ ಇನ್ನೊಂದು ಕೈಯಲ್ಲಿ ತಿಂಡಿಯ ಡಬ್ಬಿಯನ್ನೂ ಹಿಡಿದು ದೇಶ ಸುತ್ತಿದವನಲ್ಲವೆಂದು ನಮಗೆ ತೋರುವುದು. ಹಾಗೆ ಸುತ್ತಿದ್ದರೆ ಅವನು ಗಾದೆಗೆ ಇನ್ನೊಂದು ಮಾತನ್ನು ಸೇರಿಸದೆ ಬಿಡುತ್ತಿರಲಿಲ್ಲ. ಆ ಮಾತು ಯಾವುದೆಂಬುದನ್ನು ನಾವು ದಿಲ್ಲಿಯಲ್ಲಿ, ಸ್ವಲ್ಪ ದುಬಾರಿಯಾದ ಬೆಲೆಯನ್ನು ತೆತ್ತು, ಕಲಿತು ಬಂದೆವು. ಚಿಕ್ಕ ಮಕ್ಕಳನ್ನು ಕರೆದುಕೊಂಡು ರಾಜಧಾನಿಯನ್ನು ನೋಡಬೇಕೆಂದಿರುವ ಸೋದರ ಸೋದರಿಯರಿಗೆ ಉಪಯೋಗವಾದೀತೆಂದು ಅದನ್ನು ಇಲ್ಲಿ ನಿವೇದಿಸುತ್ತೇವೆ.

2022ರ ಆಗಸ್ಟ್ 15ರ ಬೆಳಗ್ಗೆ ಮೈಸೂರಿನ ನಮ್ಮ ಮನೆಯಲ್ಲಿ ಎಲ್ಲರೂ ದೂರದರ್ಶನದ ಮುಂದೆ ಕುಳಿತು ಕೆಂಪುಕೋಟೆಯ ಧ್ವಜಾರೋಹಣವನ್ನು ನೋಡುತ್ತಿದ್ದೆವು. ಏಳು ವರ್ಷದ ಹಿರಿಯ ಮಗಳು ತಟ್ಟನೆ, “ಆ ಕೋಟೆ ಯಾರದು?” ಎಂದು ಕೇಳಿದಳು. ನಮ್ಮೆಲ್ಲರದು ಎಂದೆವು. “ಹಾಗಾದರೆ ನಾವು ಒಳಗೆ ಹೋಗಬಹುದೇ?” ಎಂದಳು. ಹೋಗಬಹುದು ಎಂದು ಹೇಳಿಬಿಟ್ಟ ಮೇಲೆ ಕರೆದುಕೊಂಡು ಹೋಗದೆ ಇರುವುದು ಹೇಗೆ? ಹೀಗೆ ನಮ್ಮ ಪ್ರವಾಸದ ಸಂಕಲ್ಪವಾಯಿತು.

ಸಂಕಲ್ಪವಾದ ಕೂಡಲೇ ಕಾಲನಿರ್ಣಯದ ತೊಡಕು ಎದುರಾಯಿತು. ಮಕ್ಕಳಿಗೆ ರಜೆ ಇರುವುದು ಎಪ್ರಿಲ್ ಮೇ ತಿಂಗಳುಗಳಲ್ಲಿ. ಆದರೆ ಆಗ ದಿಲ್ಲಿಯ ಬಿಸಿಲು 40 ಡಿಗ್ರಿಯನ್ನು ಮೀರಿ ಕಾಯುವುದು ಸಾಮಾನ್ಯ. ದಸರೆಯ ರಜೆಯಲ್ಲಿ ಹೋಗೋಣವೆಂದರೆ, ಊರೆಲ್ಲ ಮೈಸೂರಿಗೆ ಬರುವ ಹೊತ್ತಿನಲ್ಲಿ ಮೈಸೂರಿನವರು ಮನೆಗೆ ಬೀಗ ಹಾಕಿ ಹೊರಡುವುದು ನಂಟರಿಗೆ ಮಾಡುವ ಅಪಚಾರ. ದೀಪಾವಳಿಯ ಸುಮಾರಿಗೆ ಆ ನಗರವನ್ನು ಹೊಗೆ ಕವಿಯುವುದು. ಎಳೆಯ ಶ್ವಾಸಕೋಶಗಳಿಗೆ ಅದು ಹಿತವಲ್ಲ. ಡಿಸೆಂಬರ್ ಜನವರಿಗಳಲ್ಲಿ ಮಂಜು ದಟ್ಟವಾಗಿ ರೈಲುಗಳು ತಡವಾಗುವುವು. ಹೀಗೆ ಒಂದೊಂದನ್ನೇ ಕಳೆದು ನೋಡಲಾಗಿ ಉಳಿದುದು ಫೆಬ್ರವರಿಯ ಕೊನೆ. ಅದು ಪಾಠಗಳು ನಡೆಯುವ ಕಾಲವೇನೋ ಹೌದು. ಆದರೂ ಧೈರ್ಯಮಾಡಿ ಮಗಳ ಉಪಾಧ್ಯಾಯಿನಿಯವರಲ್ಲಿ ರಜೆಯನ್ನು ಬೇಡಿದೆವು. ಅವರು ನಗುತ್ತ ಒಪ್ಪಿ, ಹಿಂದಿರುಗಿದ ಮೇಲೆ ಅವಳು ಕಂಡುದನ್ನು ತರಗತಿಗೆಲ್ಲ ಹೇಳಬೇಕೆಂದು ಕರಾರು ಹಾಕಿದರು.

ಆಮೇಲೆ ಪಟ್ಟಿಯ ಕೆಲಸ. ನಾವು ದಂಪತಿಗಳು ರಾತ್ರಿ ಮಕ್ಕಳು ಮಲಗಿದ ಮೇಲೆ ದಿಲ್ಲಿಯ ನಕ್ಷೆಯನ್ನು ಹರಡಿಕೊಂಡು ಕುಳಿತೆವು. ಕೆಂಪುಕೋಟೆ, ಜಾಮಾ ಮಸೀದಿ, ರಾಜಘಾಟ, ಇಂಡಿಯಾ ಗೇಟು, ರಾಷ್ಟ್ರಪತಿ ಭವನದ ಉದ್ಯಾನ, ಕುತುಬ್ ಮಿನಾರು, ಹುಮಾಯೂನನ ಸಮಾಧಿ, ಜಂತರ್ ಮಂತರ್, ಬೊಂಬೆಗಳ ಸಂಗ್ರಹಾಲಯ, ರೈಲು ಸಂಗ್ರಹಾಲಯ, ಕಮಲದ ಆಕಾರದ ಬಹಾಯಿ ಮಂದಿರ, ಮೃಗಾಲಯ—ಹೀಗೆ ನಾಲ್ಕು ದಿನಗಳೊಳಗೆ ಹದಿನಾಲ್ಕು ಸ್ಥಳಗಳು. ಇಷ್ಟು ದೂರ ಹೋಗಿ ಒಂದನ್ನಾದರೂ ಬಿಟ್ಟುಬರುವುದು ಹೇಗೆ ಎಂಬ ಆಸೆ. ಗಂಟೆ ಗಂಟೆಯ ಲೆಕ್ಕವನ್ನು ಬರೆದು ಗೋಡೆಗೆ ಅಂಟಿಸಿದೆವು. ಮಕ್ಕಳ ಅಜ್ಜಿಯವರು ಕನ್ನಡಕವನ್ನು ಏರಿಸಿಕೊಂಡು ಅದನ್ನು ಓದಿ, “ಇದರಲ್ಲಿ ಮಗು ಹೊಟ್ಟೆಗೆ ತಿನ್ನುವುದು ಯಾವಾಗ, ಮಲಗುವುದು ಯಾವಾಗ?” ಎಂದು ಮಾತ್ರ ಕೇಳಿದರು. ನಾವು ಉತ್ತರ ಹೇಳಲಿಲ್ಲ. ಅವರೂ ಮುಂದುವರಿಸದೆ, ಸೂಜಿದಾರವನ್ನು ತೆಗೆದುಕೊಂಡು ಮಕ್ಕಳ ಪ್ರತಿಯೊಂದು ಅಂಗಿಯ ಜೇಬಿನೊಳಗೂ ನಮ್ಮ ದೂರವಾಣಿಯ ಸಂಖ್ಯೆಯನ್ನು ಬರೆದ ಬಟ್ಟೆಯ ತುಂಡೊಂದನ್ನು ಹೊಲಿದಿಟ್ಟರು. ನಾವು ನಕ್ಕೆವು. ಆ ನಗೆಯನ್ನು ಆಮೇಲೆ ಎಷ್ಟೋ ಸಲ ನೆನೆದುಕೊಂಡಿದ್ದೇವೆ.

ಪಯಣದ ವಿಷಯದಲ್ಲಿ ಎರಡು ಮಾತು. ಬೆಂಗಳೂರಿನಿಂದ ಹೊಸದಿಲ್ಲಿಗೆ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಸುಮಾರು 2400 ಕಿಲೋಮೀಟರುಗಳ ಹಾದಿ. ಎರಡು ರಾತ್ರಿ ಬಂಡಿಯಲ್ಲಿಯೇ ಕಳೆಯಬೇಕು. ನಾವು ಹೋದ ಕಾಲದಲ್ಲಿ ಸ್ಥಳವನ್ನು 120 ದಿನ ಮುಂಚಿತವಾಗಿ ಕಾದಿರಿಸಬಹುದಾಗಿತ್ತು. 2024ರ ನವೆಂಬರ್ 1ರಿಂದ ಅದನ್ನು 60 ದಿನಗಳಿಗೆ ಇಳಿಸಿದ್ದಾರೆ. ಐದು ವರ್ಷ ತುಂಬದ ಮಗುವಿಗೆ ಪ್ರತ್ಯೇಕ ಮಲಗುವ ಸ್ಥಳ ಬೇಡವೆಂದರೆ ಟಿಕೀಟಿನ ಅಗತ್ಯವೇ ಇಲ್ಲ. ಆದರೂ ನಾವು ಪೂರ್ತಿ ಹಣ ಕೊಟ್ಟು ಚಿಕ್ಕವನಿಗೂ ಸ್ಥಳ ಪಡೆದೆವು. ಎರಡು ರಾತ್ರಿ ಕಾಲು ಝಾಡಿಸುವ ಹುಡುಗನ ಪಕ್ಕದಲ್ಲಿ ಮಲಗಿದವರಿಗೆ ಆ ಹಣದ ಸಾರ್ಥಕತೆ ತಿಳಿಯುವುದು. ಮೊದಲ ರಾತ್ರಿಗೆ ಮೊಸರನ್ನ. ಮರುದಿನಕ್ಕೆ ಚಪಾತಿ, ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ. ಕೃಷ್ಣೆ, ಭೀಮೆ, ತಪತಿ, ನರ್ಮದೆ, ಚಂಬಲ್—ಇಷ್ಟು ನದಿಗಳನ್ನು ಬಂಡಿ ದಾಟುವುದು. ಕೆಲವು ಇರುಳಿನಲ್ಲಿ ಕಳೆದುಹೋದರೂ, ಅಜ್ಜಿಯವರು ಎಚ್ಚರವಾಗಿದ್ದಾಗಲೆಲ್ಲ ಕಿಟಕಿಯಿಂದ ಕೈಮುಗಿದರು, ಮೊಮ್ಮಕ್ಕಳೂ ಮುಗಿದರು. ಭೂಗೋಳದ ಇಂತಹ ಪಾಠವು ಪುಸ್ತಕದಲ್ಲಿ ದೊರೆಯುವುದಿಲ್ಲ.

2023ರ ಫೆಬ್ರವರಿಯ ಕೊನೆಯ ಶನಿವಾರ ದಿಲ್ಲಿಯನ್ನು ಸೇರಿದೆವು. ಬೆಳಗಿನ ಚಳಿಗೆ ಉಣ್ಣೆಯ ಅಂಗಿ ಬೇಕಾಗಿತ್ತು; ಮಧ್ಯಾಹ್ನಕ್ಕೆ ಅದನ್ನೇ ಹೊತ್ತು ತಿರುಗಬೇಕಾಗಿತ್ತು. ಮರುದಿನ ಆದಿತ್ಯವಾರ, ಗೋಡೆಯ ಪಟ್ಟಿಯ ಪ್ರಕಾರ ಸಂಚಾರವನ್ನು ಆರಂಭಿಸಿದೆವು. ಮೊದಲು ರಾಜಘಾಟ, ಅಲ್ಲಿಂದ ಜಾಮಾ ಮಸೀದಿ, ಮಧ್ಯಾಹ್ನ ಒಂದು ಗಂಟೆಗೆ ಕೆಂಪುಕೋಟೆ. ಷಹಜಹಾನನು 1639ರಲ್ಲಿ ಆರಂಭಿಸಿ 1648ರಲ್ಲಿ ಮುಗಿಸಿದ ಕೋಟೆಯಿದು. ಲಾಹೋರಿ ದ್ವಾರವನ್ನು ಹೊಕ್ಕ ಕೂಡಲೇ ಛತ್ತಾ ಚೌಕವೆಂಬ, ಮೇಲೆ ಕಮಾನಿನ ಮಾಡುಳ್ಳ ಅಂಗಡಿಬೀದಿ ಸಿಕ್ಕುವುದು. ರಜೆಯ ದಿನವಾದ್ದರಿಂದ ಜನಜಂಗುಳಿ. ಮಕ್ಕಳಿಗೆ ಹಸಿವು, ನಿದ್ದೆ ಎರಡೂ. ಪಟ್ಟಿಯಂತೆ ನಾವು ಆಗಲೇ ಅರ್ಧ ಗಂಟೆ ತಡವಾಗಿದ್ದೆವು. “ಬೇಗ, ಬೇಗ” ಎನ್ನುತ್ತ ದಿವಾನ್-ಇ-ಆಮ್ ಕಡೆಗೆ ಹೆಜ್ಜೆ ಹಾಕಿದೆವು. ಅಲ್ಲಿ ಹಿಂದಿರುಗಿ ನೋಡಿದರೆ ಚಿಕ್ಕವನಿಲ್ಲ. ತಾಯಿಯ ಕೈಯಲ್ಲಿದ್ದಾನೆಂದು ತಂದೆ, ತಂದೆಯ ಕೈಯಲ್ಲಿದ್ದಾನೆಂದು ತಾಯಿ!

ಆ ಹದಿನೈದು ನಿಮಿಷಗಳನ್ನು ವರ್ಣಿಸಲು ನಮ್ಮಿಂದಾಗದು. ಒಬ್ಬರು ಹಿಂದಕ್ಕೆ ಓಡಿದೆವು, ಒಬ್ಬರು ಹುಲ್ಲುಹಾಸಿನ ಸುತ್ತ ಹುಡುಕಿದೆವು. ಅಜ್ಜಿಯವರು ಮೊಮ್ಮಗಳನ್ನು ಎದೆಗವಚಿಕೊಂಡು ನಿಂತಲ್ಲಿಯೇ ನಿಂತರು. ಅಷ್ಟರಲ್ಲಿ ದೂರವಾಣಿ ಮೊಳಗಿತು. ಅಪರಿಚಿತ ಧ್ವನಿಯೊಂದು ಹಿಂದಿಯಲ್ಲಿ, ನಿಮ್ಮ ಹುಡುಗ ನಮ್ಮ ಅಂಗಡಿಯಲ್ಲಿದ್ದಾನೆ, ಗಾಬರಿಯಾಗಬೇಡಿ ಎಂದಿತು. ಓಡಿ ಹೋಗಿ ನೋಡಿದರೆ ಛತ್ತಾ ಚೌಕದ ಬೊಂಬೆಯ ಅಂಗಡಿಯೊಂದರಲ್ಲಿ ನಮ್ಮ ಕುಮಾರನು ಮಣೆಯ ಮೇಲೆ ಕುಳಿತು ಬಿಸ್ಕತ್ತು ತಿನ್ನುತ್ತಿದ್ದಾನೆ! ಬೊಂಬೆಯನ್ನು ನೋಡುತ್ತ ನಿಂತವನು ನಾವು ಮುಂದೆ ಹೋದುದನ್ನು ಕಾಣಲಿಲ್ಲ. ಅಳುವ ಹುಡುಗನ ಕನ್ನಡವು ಅಂಗಡಿಯ ಮುದುಕನಿಗೆ ತಿಳಿಯದು; ಆದರೆ ಜೇಬಿನ ಬಟ್ಟೆಯ ಅಂಕಿಗಳು ತಿಳಿದುವು. ಆ ಮಹನೀಯನು ಬಹುಮಾನವನ್ನು ಮುಟ್ಟಲಿಲ್ಲ. “ನನಗೂ ಮೊಮ್ಮಕ್ಕಳಿದ್ದಾರೆ” ಎಂದಷ್ಟೇ ಹೇಳಿದನು. ಅಜ್ಜಿಯವರು ಅವನಿಗೆ ಕೈಮುಗಿದರು. ನಮ್ಮನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅಂದು ರಾತ್ರಿ ವಸತಿಗೃಹದಲ್ಲಿ ಪಟ್ಟಿಯನ್ನು ಹರಿದು ಹಾಕಿ ಹೊಸದನ್ನು ಬರೆದೆವು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಣಕ್ಕೆ ಮಾತ್ರವಲ್ಲದೆ ಪ್ರವಾಸಕ್ಕೂ ಸಲ್ಲುವ ಮಾತು. ಇಲ್ಲಿ ಹಾಸಿಗೆಯೆಂದರೆ ಎಲ್ಲರಿಗಿಂತ ಚಿಕ್ಕ ಮಗುವಿನ ಶಕ್ತಿ. ಆದಕಾರಣ ಬೆಳಗ್ಗೆ ಒಂದೇ ಸ್ಥಳ. ಮಧ್ಯಾಹ್ನ ವಸತಿಗೆ ಹಿಂದಿರುಗಿ ಊಟ, ನಿದ್ದೆ. ಸಂಜೆ ಓಡಾಡಲು ಬಯಲಿರುವ ಒಂದು ಜಾಗ. ನಮ್ಮೂರಿನಲ್ಲಿಯೇ ಇರುವುದನ್ನು ಅಲ್ಲಿ ನೋಡಬೇಕಾಗಿಲ್ಲ. 1892ರಿಂದ ಮೃಗಾಲಯವಿರುವ ಮೈಸೂರಿನ ಮಕ್ಕಳಿಗೆ ದಿಲ್ಲಿಯ ಹುಲಿಯೇನೂ ಹೊಸದಲ್ಲ. ಸೋಮವಾರ ಕೆಂಪುಕೋಟೆಗೂ ಬಹುತೇಕ ಸಂಗ್ರಹಾಲಯಗಳಿಗೂ ರಜೆ; ಅಂದು ಕುತುಬ್ ಮಿನಾರಿಗೋ ಹುಮಾಯೂನನ ಸಮಾಧಿಗೋ ಹೋಗುವುದು ಲೇಸು. ಹೊರಡುವ ಮೊದಲು ಯಾವ ಮಗು ಯಾರ ಕೈ ಹಿಡಿಯಬೇಕೆಂಬುದನ್ನು ಬಾಯಿಬಿಟ್ಟು ಹೇಳಿಕೊಳ್ಳಬೇಕು. ಹದಿನಾಲ್ಕರಲ್ಲಿ ಹಲವನ್ನು ಹೊಡೆದು ಹಾಕುವಾಗ ನಮ್ಮ ಕೈ ತಡೆಯಲಿಲ್ಲ.

ಆಶ್ಚರ್ಯವೆಂದರೆ, ದಿಲ್ಲಿಯು ನಮಗೆ ಕಾಣತೊಡಗಿದುದು ಆಮೇಲೆಯೇ. ಸೋಮವಾರ ಕುತುಬ್ ಮಿನಾರು. 72.5 ಮೀಟರು ಎತ್ತರ, ಒಳಗೆ 379 ಮೆಟ್ಟಿಲು. ಆದರೆ 1981ರ ಡಿಸೆಂಬರಿನಲ್ಲಿ ಒಳಗಿನ ಕತ್ತಲೆಯ ನೂಕುನುಗ್ಗಲಿನಲ್ಲಿ 45 ಮಂದಿ, ಬಹುಪಾಲು ಶಾಲೆಯ ಮಕ್ಕಳು, ಮಡಿದಂದಿನಿಂದ ಹತ್ತಲು ಯಾರನ್ನೂ ಬಿಡುವುದಿಲ್ಲ. ಇದನ್ನು ಮೊದಲೇ ಮೆಲ್ಲಗೆ ತಿಳಿಸಿದ್ದರಿಂದ ಮಗಳು ಹಟ ಮಾಡಲಿಲ್ಲ. ಅವಳನ್ನು ಸೆಳೆದುದು ಪಕ್ಕದ ಕಬ್ಬಿಣದ ಕಂಬ. ಗುಪ್ತರ ಕಾಲದ್ದು, ಸುಮಾರು 1600 ವರ್ಷ ಮಳೆ ಬಿಸಿಲಿಗೆ ನಿಂತು ಹೆಚ್ಚೇನೂ ತುಕ್ಕು ಹಿಡಿಯದೆ ಉಳಿದಿದೆ. ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿದ್ದು, ಅದರಿಂದ ಮೇಲೆ ತೆಳುವಾದ ಕವಚ ಏರ್ಪಟ್ಟಿದೆಯೆಂದು ತಜ್ಞರು ಹೇಳುತ್ತಾರೆ. “ನಮ್ಮ ಹಿತ್ತಲ ಬಾಗಿಲ ಚಿಲಕ ಎರಡೇ ವರ್ಷಕ್ಕೆ ತುಕ್ಕು ಹಿಡಿಯಿತಲ್ಲ!” ಎಂದು ಅವಳು ಕಂಬದ ಮುಂದೆ ಅರ್ಧ ಗಂಟೆ ನಿಂತಳು. ಹಳೆಯ ಪಟ್ಟಿಯಲ್ಲಿ ಕಂಬಕ್ಕೆ ಐದು ನಿಮಿಷ ಬರೆದಿದ್ದೆವು.

ಮಂಗಳವಾರ ಚಾಣಕ್ಯಪುರಿಯ ರೈಲು ಸಂಗ್ರಹಾಲಯ. 1977ರಲ್ಲಿ ತೆರೆದ ಈ ವಿಶಾಲವಾದ ಬಯಲಿನಲ್ಲಿ ಹಳೆಯ ಇಂಜಿನುಗಳು ಮರಗಳ ನೆರಳಿನಲ್ಲಿ ನಿಂತಿವೆ. 1855ರ ಫೇರಿ ಕ್ವೀನ್ ಎಂಬ ಇಂಜಿನನ್ನು ಕುರಿತು ನಾವು ಉಪನ್ಯಾಸವನ್ನು ಸಿದ್ಧಮಾಡಿಕೊಂಡಿದ್ದೆವು. ಚಿಕ್ಕವನಿಗೆ ಅದು ಬೇಕಾಗಲಿಲ್ಲ; ಆಟದ ರೈಲಿನಲ್ಲಿ ಎರಡು ಸುತ್ತು ಬಂದನು. ಮೈಸೂರು ಮಹಾರಾಜರಿಗಾಗಿ 1899ರಲ್ಲಿ ನಿರ್ಮಿಸಿದ ಡಬ್ಬಿಯೂ ಅಲ್ಲಿದೆಯೆಂದು ತೋರಿಸಿದಾಗ, “ಇದು ನಮ್ಮೂರಿನದು, ಇಲ್ಲಿಗೆ ಏಕೆ ಬಂತು?” ಎಂದು ಕೇಳಿದನು. ನಾವು ಬಂದ ಹಾಗೆಯೇ, ಕಂಬಿಯ ಮೇಲೆ ಬಂತು ಎಂದರು ಅಜ್ಜಿ. ಆ ಸಂಜೆ ಇಂಡಿಯಾ ಗೇಟಿನ ಹುಲ್ಲಿನ ಮೇಲೆ ಮಕ್ಕಳು ಮನದಣಿಯೆ ಓಡಿದರು. ನಾವು ಅವರ ಕೈ ಬಿಟ್ಟುದು ಅಲ್ಲೊಂದೇ ಕಡೆ, ಕಣ್ಣನ್ನಂತೂ ಬಿಡಲಿಲ್ಲ.

ಕಡೆಯ ದಿನ ಗಾಂಧಿ ಸ್ಮೃತಿ. ಮಹಾತ್ಮರು ತಮ್ಮ ಬಾಳಿನ ಕೊನೆಯ 144 ದಿನಗಳನ್ನು ಕಳೆದ ಮನೆಯದು. 1948ರ ಜನವರಿ 30ರ ಸಂಜೆ ಅವರು ಕೊಠಡಿಯಿಂದ ಪ್ರಾರ್ಥನೆಯ ಸ್ಥಳಕ್ಕೆ ನಡೆದ ಹಾದಿಯುದ್ದಕ್ಕೂ ಕಲ್ಲಿನ ಹೆಜ್ಜೆಗಳನ್ನು ಮಾಡಿಟ್ಟಿದ್ದಾರೆ. ನಮ್ಮ ಚಿಕ್ಕವನು ಆ ಹೆಜ್ಜೆಗಳ ಪಕ್ಕದಲ್ಲಿಯೇ, ಒಂದಕ್ಕೆ ಎರಡರಂತೆ ತನ್ನ ಪುಟ್ಟ ಹೆಜ್ಜೆಗಳನ್ನಿಡುತ್ತ ನಡೆದನು. ಯಾರೂ ಅವನನ್ನು ಅವಸರಪಡಿಸಲಿಲ್ಲ. ಹೆಜ್ಜೆಗಳು ಮುಗಿದ ಕಡೆ ನಿಂತು, “ಇಲ್ಲಿಂದ ಮುಂದೆ ಹೆಜ್ಜೆ ಏಕಿಲ್ಲ?” ಎಂದನು. ನಾವು ಮುಖ ಮುಖ ನೋಡಿಕೊಂಡೆವು. ಅಜ್ಜಿಯವರು ಇಬ್ಬರನ್ನೂ ಹುಲ್ಲಿನ ಮೇಲೆ ಕೂರಿಸಿಕೊಂಡು, ನಡೆದುದನ್ನು ಮರೆಮಾಚದೆ, ಹೆದರಿಸದೆ, ಮನೆಯ ಹಿರಿಯರೊಬ್ಬರ ಸಾವನ್ನು ಹೇಳುವಂತೆ ಹೇಳಿದರು. ಮಕ್ಕಳು ಬಹಳ ಹೊತ್ತು ಸುಮ್ಮನಿದ್ದರು. ಅದೇ ಗಳಿಗೆಗೆ ಇನ್ನೊಂದು ಸ್ಥಳದ ಹೊತ್ತು ಕಾದಿದ್ದರೆ ನಾವು “ಬೇಗ, ಬೇಗ” ಎಂದುಬಿಡುತ್ತಿದ್ದೆವಲ್ಲವೇ ಎಂದು ಮನಸ್ಸು ನಡುಗಿತು.

ಊರಿಗೆ ಬಂದ ಮೇಲೆ ಮಗಳು ಕರಾರಿನಂತೆ ತರಗತಿಯ ಮುಂದೆ ನಿಂತು ಹೇಳಿದ್ದನ್ನು ಉಪಾಧ್ಯಾಯಿನಿಯವರು ನಮಗೆ ತಿಳಿಸಿದರು. ತುಕ್ಕು ಹಿಡಿಯದ ಕಂಬವನ್ನೂ ನಿಂತುಹೋದ ಹೆಜ್ಜೆಗಳನ್ನೂ ಹೇಳಿ, ಕೊನೆಗೆ, “ಕೆಂಪುಕೋಟೆ ನಮ್ಮದೇ. ನಾವು ಒಳಗೆ ಹೋಗಬಹುದು. ಹದಿನೈದು ವರ್ಷದೊಳಗಿನವರಿಗೆ ಟಿಕೀಟು ಕೂಡ ಇಲ್ಲ. ಆದರೆ ತಮ್ಮನ ಕೈ ಹಿಡಿದುಕೊಂಡಿರಬೇಕು” ಎಂದಳಂತೆ.

ಗಾದೆಗೆ ಸೇರಬೇಕಾದ ಮಾತು ಇದೇ ಎಂದು ನಮಗೆ ತೋರಿತು. ದೇಶ ಸುತ್ತಿ ನೋಡಿರಿ, ಕೋಶ ಓದಿ ನೋಡಿರಿ. ಜೊತೆಯಲ್ಲಿ ಮಕ್ಕಳಿದ್ದರೆ ಅವರ ಹೆಜ್ಜೆಯನ್ನೂ ನೋಡಿರಿ. ನೋಡದೆ ಬಿಟ್ಟುಬಂದ ಸ್ಥಳಗಳು ಅಲ್ಲಿಯೇ ಇವೆ. ಅವುಗಳಿಗಾಗಿ ಮಕ್ಕಳು ದೊಡ್ಡವರಾದ ಮೇಲೆ ನಮ್ಮನ್ನು ಕೈ ಹಿಡಿದು ಕರೆದುಕೊಂಡು ಹೋಗಲಿ.